ಅರ್ಧ ತಾಸಿನ ಆಟ, ಎರಡು ವರ್ಷದ ಕೆಲಸ

ಉಗಾರ ಖುರ್ದವೇ ಇರಲಿ, ಅಥಣಿ, ರಾಯಬಾಗಗಳೇ ಇರಲಿ, ಮನೆಯೊಳಗೆ ‘ಗೇಮ್’ ಎಂಬ ಶಬ್ದ ಬಂದರೆ ಅದರ ಬೆನ್ನಿಗೇ ಒಂದು ಬೈಗುಳವೂ ಬರುತ್ತದೆ. ಮಗ ಮೊಬೈಲು ಹಿಡಿದು ಮೂಲೆಯಲ್ಲಿ ಕುಳಿತಿದ್ದಾನೆ; ಕಬ್ಬಿನ ಬಿಲ್ಲಿನ ಚಿಂತೆಯಲ್ಲಿ ಮನೆಗೆ ಬಂದ ತಂದೆಗೆ ಕಾಣುವುದು ಹುಡುಗನ ಬಗ್ಗಿದ ಕತ್ತು ಮಾತ್ರ. ಇಂಥ ಮನೆಯಲ್ಲಿ ಅದೇ ಹುಡುಗ ಒಂದು ದಿನ ‘ನಾನು ಗೇಮ್ ಮಾಡುತ್ತೇನೆ’ ಎಂದರೆ ‘ಆಡುತ್ತೇನೆ’ ಎಂಬುದಕ್ಕೂ ‘ಮಾಡುತ್ತೇನೆ’ ಎಂಬುದಕ್ಕೂ ಇರುವ ಅಂತರ ಪಾಲಕರ ಕಿವಿಗೆ ಬೀಳುವುದೇ ಇಲ್ಲ. ಕಾದಂಬರಿ ಓದುವವನಿಗೂ ಬರೆಯುವವನಿಗೂ ಇರುವಷ್ಟೇ ಅಂತರ ಅದು.

ಈ ಅಂತರ ಅರ್ಥವಾಗಬೇಕಾದರೆ ಒಂದು ಹಳೆಯ ಆಟವನ್ನು ನೋಡಬೇಕು. ಅದರ ಹೆಸರು ‘ಅನದರ್ ವರ್ಲ್ಡ್’, ಅಂದರೆ ಇನ್ನೊಂದು ಲೋಕ. 1991ರಲ್ಲಿ ಫ್ರಾನ್ಸಿನ ಡೆಲ್ಫೀನ್ ಸಾಫ್ಟ್‌ವೇರ್ ಸಂಸ್ಥೆ ಇದನ್ನು ಅಮಿಗಾ ಎಂಬ ಗೃಹ ಗಣಕಯಂತ್ರಕ್ಕಾಗಿ ಹೊರತಂದಿತು. ದಾರಿ ಗೊತ್ತಿದ್ದವರು ಸುಮಾರು ಅರ್ಧ ತಾಸಿನಲ್ಲಿ ಮುಗಿಸಬಹುದಾದ ಆಟ. ಅದನ್ನು ತಯಾರಿಸಲು ಎರಿಕ್ ಶಾಹಿ ಎಂಬ ತರುಣನಿಗೆ ಸುಮಾರು ಎರಡು ವರ್ಷ ಹಿಡಿಯಿತು. ಕಥೆ, ಚಿತ್ರ, ಪ್ರೋಗ್ರಾಂ, ಡಬ್ಬಿಯ ಮೇಲಿನ ಚಿತ್ರ ಕೂಡ ಹೆಚ್ಚುಕಡಿಮೆ ಅವರೊಬ್ಬರದೇ. ಸಂಗೀತ ಮಾತ್ರ ಗೆಳೆಯ ಜಾನ್ ಫ್ರಾಂಸ್ವಾ ಫ್ರೈಟಾಸ್ ಅವರದು.

ಆಟ ಶುರುವಾಗುವುದು ಸಿನಿಮಾದ ಹಾಗೆ. ಮಳೆ, ಗುಡುಗು, ರಾತ್ರಿ. ಲೆಸ್ಟರ್ ಎಂಬ ಭೌತವಿಜ್ಞಾನಿ ಕಾರಿನಲ್ಲಿ ಬಂದು ನೆಲದಡಿಯ ಪ್ರಯೋಗಶಾಲೆಗೆ ಇಳಿಯುತ್ತಾನೆ, ಕಣಗಳನ್ನು ವೇಗವಾಗಿ ಓಡಿಸುವ ಯಂತ್ರವನ್ನು ಚಾಲೂ ಮಾಡುತ್ತಾನೆ. ಅದೇ ಕ್ಷಣಕ್ಕೆ ಸಿಡಿಲು ಬಡಿಯುತ್ತದೆ. ಮೇಜು, ಕುರ್ಚಿ, ಲೆಸ್ಟರ್ ಎಲ್ಲವೂ ಮಾಯ. ಮರುಕ್ಷಣ ಆತ ಯಾವುದೋ ಲೋಕದ ಆಳವಾದ ಕೊಳದ ನೀರಿನಲ್ಲಿ ಮುಳುಗುತ್ತಿದ್ದಾನೆ.

ಇಲ್ಲಿಯವರೆಗೆ ನೋಡುತ್ತಾ ಕುಳಿತವರು ಹಾಗೆಯೇ ಕುಳಿತರೆ, ತಳದಿಂದ ಬಳ್ಳಿಯಂಥ ಕೈಗಳು ಬಂದು ಲೆಸ್ಟರ್‌ನನ್ನು ಎಳೆದೊಯ್ಯುತ್ತವೆ. ಆಟ ಮುಗಿಯಿತು! ‘ಈಗ ಕೀಲಿ ಒತ್ತಿರಿ’ ಎಂದು ಪರದೆಯ ಮೇಲೆ ಯಾರೂ ಬರೆದಿರುವುದಿಲ್ಲ. ಸಿನಿಮಾ ಎಲ್ಲಿ ಮುಗಿಯಿತು, ಆಟ ಎಲ್ಲಿ ಶುರುವಾಯಿತು ಎಂಬುದೇ ಗೊತ್ತಾಗದಂತೆ ಹೊಲಿದಿದ್ದಾರೆ. ಈಜಿ ಮೇಲೆ ಬಂದರೆ ಕಲ್ಲುಬಂಡೆ, ಹುಳುಗಳು, ದೂರದಲ್ಲಿ ನಿಂತು ನೋಡುತ್ತಿರುವ ಒಂದು ಕರಿ ಮೃಗ. ಮೃಗ ಬೆನ್ನು ಹತ್ತುತ್ತದೆ, ಲೆಸ್ಟರ್ ಓಡುತ್ತಾನೆ. ಅಂಕ ಎಷ್ಟಾಯಿತು, ಪ್ರಾಣ ಎಷ್ಟು ಉಳಿಯಿತು ಎಂದು ತೋರಿಸುವ ಪಟ್ಟಿಗಳು ಪರದೆಯ ಮೇಲೆ ಇಲ್ಲ. ಇರುವುದು ಓಡುವ ಮನುಷ್ಯ ಮತ್ತು ಆ ಲೋಕ, ಅಷ್ಟೇ.

ಆಮೇಲೆ ಲೆಸ್ಟರ್ ಸೆರೆ ಸಿಕ್ಕು ಪಂಜರದಲ್ಲಿ ಎಚ್ಚರಗೊಳ್ಳುತ್ತಾನೆ. ಪಕ್ಕದಲ್ಲಿ ಆ ಲೋಕದವನೇ ಆದ ಇನ್ನೊಬ್ಬ ಕೈದಿ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಪಂಜರವನ್ನು ಅತ್ತಿತ್ತ ತೂಗಿಸಬೇಕು. ಜೋರಾಗಿ ತೂಗಿದರೆ ಸರಪಳಿ ಹರಿದು, ಕೆಳಗಿದ್ದ ಕಾವಲುಗಾರನ ಮೇಲೆಯೇ ಪಂಜರ ಬೀಳುತ್ತದೆ. ಇಬ್ಬರೂ ಓಡುತ್ತಾರೆ. ಅಲ್ಲಿಂದ ಕೊನೆಯವರೆಗೆ ಆ ಗೆಳೆತನವೇ ಕಥೆ. ಆದರೆ ಅದನ್ನು ಹೇಳಲು ಒಂದು ವಾಕ್ಯವನ್ನೂ ಬಳಸಿಲ್ಲ. ಇವನು ಗುಂಡು ಹಾರಿಸಿ ಕಾಯುತ್ತಿದ್ದರೆ ಅವನು ಬಾಗಿಲು ತೆರೆಯುತ್ತಾನೆ. ಇವನು ಸಿಕ್ಕಿಬಿದ್ದರೆ ಅವನು ಮೇಲಿನಿಂದ ಕೈ ಚಾಚುತ್ತಾನೆ. ಲೆಸ್ಟರ್‌ನ ಕೈಗೆ ಸಿಗುವ ಪಿಸ್ತೂಲಿಗೂ ಒಂದೇ ಗುಂಡಿ: ಒಮ್ಮೆ ಒತ್ತಿದರೆ ಗುಂಡು, ಸ್ವಲ್ಪ ಹೊತ್ತು ಹಿಡಿದರೆ ಎದುರಿಗೆ ಗುರಾಣಿ, ಇನ್ನೂ ಹೆಚ್ಚು ಹಿಡಿದರೆ ಆ ಗುರಾಣಿಯನ್ನೇ ಒಡೆಯುವ ದೊಡ್ಡ ಹೊಡೆತ. ಒಂದು ಗುಂಡಿಯಲ್ಲಿ ಮೂರು ಕೆಲಸ; ಜೊತೆಗೆ ಯಾವಾಗ ಯಾವುದು ಎಂಬ ಭಯ.

ಬೆಳಗಾವಿ ಸೀಮೆಯವರಿಗೆ ಈ ಕೂಡಿಕೆ ಹೊಸದೇನಲ್ಲ. ಶ್ರೀಕೃಷ್ಣ ಪಾರಿಜಾತದಲ್ಲಿ ಮಾತೇ ಮುಂದು. ಸತ್ಯಭಾಮೆಯ ಸಿಟ್ಟು, ಭಾಗವತನ ಚೇಷ್ಟೆ ಇವುಗಳಲ್ಲೇ ರಾತ್ರಿ ಕಳೆಯುತ್ತದೆ. ದೊಡ್ಡಾಟದಲ್ಲಿ ಹೆಜ್ಜೆ, ಹೂಂಕಾರ, ಯುದ್ಧಗಳೇ ಮುಂದು. ಎರಡರಲ್ಲೂ ಒಳ್ಳೆಯ ಮೇಳವೆಂದರೆ ಕಥೆಯನ್ನು ನಿಲ್ಲಿಸಿ ಕುಣಿಯುವುದಲ್ಲ, ಕುಣಿತದಲ್ಲೇ ಕಥೆಯನ್ನು ಮುಂದಕ್ಕೆ ಒಯ್ಯುವುದು. ಇಂದಿನ ಎಷ್ಟೋ ದೊಡ್ಡ ಕಂಪ್ಯೂಟರ್ ಆಟಗಳು ಈ ಮರ್ಮ ಮರೆತು ಹತ್ತು ನಿಮಿಷ ಸಿನಿಮಾ ತೋರಿಸುತ್ತವೆ, ಹತ್ತು ನಿಮಿಷ ಗುಂಡು ಹಾರಿಸಲು ಬಿಡುತ್ತವೆ. ಎರಡೂ ಒಂದೇ ಡಬ್ಬಿಯಲ್ಲಿದ್ದರೂ ಒಂದಕ್ಕೊಂದು ಸಂಬಂಧವಿರುವುದಿಲ್ಲ.

ಶಾಹಿಯವರು ಇದನ್ನು ಮಾಡಿದ ಬಗೆ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯೋಗದ್ದು. ಪರದೆಯ ಮೇಲೆ ಒಮ್ಮೆಗೆ ಕೇವಲ 16 ಬಣ್ಣ. ಎಲ್ಲವೂ ಫ್ಲಾಪಿ ಡಿಸ್ಕಿನಲ್ಲಿ ಹಿಡಿಸಬೇಕು. ಪ್ರತಿ ಚಿತ್ರವನ್ನೂ ಚುಕ್ಕೆ ಚುಕ್ಕೆಯಾಗಿ ಸಂಗ್ರಹಿಸಿಟ್ಟರೆ ಜಾಗ ಸಾಲದು. ಅವರು ಕಂಡುಕೊಂಡ ಉಪಾಯವೆಂದರೆ ಬಹುಭುಜಾಕೃತಿ. ಮನುಷ್ಯನ ತೋಳು ನಾಲ್ಕೈದು ಮೂಲೆಗಳಿರುವ ಒಂದು ಆಕೃತಿ. ಮೂಲೆಗಳು ಎಲ್ಲಿವೆ ಎಂದು ಮಾತ್ರ ಬರೆದಿಟ್ಟರೆ ಸಾಕು, ಒಳಗೆ ಬಣ್ಣ ತುಂಬುವ ಕೆಲಸ ಯಂತ್ರದ್ದು. ಹತ್ತನೆಯ ಇಯತ್ತೆಯ ನಿರ್ದೇಶಾಂಕ ರೇಖಾಗಣಿತ ಬಲ್ಲವರಿಗೆ ಇದು ಒಮ್ಮೆಗೇ ಹೊಳೆಯುತ್ತದೆ. ನಡಿಗೆ ಸಹಜವಾಗಿ ಕಾಣಲು ಅವರು ವಿಡಿಯೋ ಕ್ಯಾಮೆರಾದ ಮುಂದೆ ತಾವೇ ಓಡಿ, ಬಿದ್ದು, ಎದ್ದು, ಆ ಚಿತ್ರಗಳನ್ನು ಒಂದೊಂದಾಗಿ ನಿಲ್ಲಿಸಿ ಅದರ ಮೇಲೆ ಆಕೃತಿ ಬಿಡಿಸಿದರು. ಅವರಿಗಿಂತ ಮುಂಚೆ ಅಮೆರಿಕದ ಜೋರ್ಡನ್ ಮೆಕ್ನರ್ ‘ಪ್ರಿನ್ಸ್ ಆಫ್ ಪರ್ಶಿಯಾ’ ಆಟಕ್ಕಾಗಿ ತಮ್ಮನನ್ನು ಓಡಿಸಿ, ಜಿಗಿಸಿ ಹೀಗೆಯೇ ಚಿತ್ರ ತೆಗೆದಿದ್ದರು. ಆ ಆಟ ಬಂದದ್ದು 1989ರಲ್ಲಿ. ಆಗ ಅದಕ್ಕೆ ವಿಡಿಯೋ ಕ್ಯಾಮೆರಾ ಬೇಕಿತ್ತು. ಈಗ ಮನೆಯಲ್ಲಿರುವ ಮೊಬೈಲೂ ತಮ್ಮನೂ ಸಾಕು.

ಕಥೆಯನ್ನು ಅವರು ಮೊದಲೇ ಪೂರ್ತಿ ಬರೆದಿಟ್ಟುಕೊಂಡಿರಲಿಲ್ಲ. ಒಂದು ದೃಶ್ಯ ಮುಗಿಸಿ, ಅದು ಎಲ್ಲಿಗೆ ಒಯ್ಯುತ್ತದೋ ನೋಡಿ ಮುಂದಿನದಕ್ಕೆ ಹೋಗುತ್ತಿದ್ದರು. ಕನಸಿನಂಥ ಅಸಂಗತತೆ ಆ ಆಟಕ್ಕೆ ಬಂದದ್ದು ಬಹುಶಃ ಇದರಿಂದಲೇ. ಅಮೆರಿಕದ ಪ್ರಕಾಶಕರಾದ ಇಂಟರ್‌ಪ್ಲೇ ಸಂಸ್ಥೆಯವರು ಆರಂಭದ ಸಂಗೀತವನ್ನು ಬದಲಿಸಲು ಹೊರಟಾಗ ಈ ಮನುಷ್ಯ ಒಪ್ಪಲಿಲ್ಲ. ಮೂಲ ಸಂಗೀತವನ್ನೇ ಉಳಿಸಿರೆಂಬ ಕಾಗದದ ಎರಡು ತುದಿಗಳನ್ನು ಅಂಟಿಸಿ, ಬಳೆಯ ಹಾಗೆ ಮಾಡಿ ಫ್ಯಾಕ್ಸ್ ಯಂತ್ರಕ್ಕೆ ಹಾಕಿಬಿಟ್ಟರು. ಅತ್ತ ಕಡೆ ಅದೇ ಒಕ್ಕಣೆ ಕೊನೆಯಿಲ್ಲದೆ ಅಚ್ಚಾಗುತ್ತಾ ಹೋಯಿತು. ಸಂಗೀತ ಉಳಿಯಿತು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ತನ್ನ ಸಂಗ್ರಹಕ್ಕೆ ಮೊದಲ ಬಾರಿಗೆ ಸೇರಿಸಿಕೊಂಡ 14 ವಿಡಿಯೋ ಆಟಗಳಲ್ಲಿ ಇದೂ ಒಂದು.

ಇದನ್ನೆಲ್ಲ ಓದಿದ ಪಾಲಕರು ‘ಅದು ಪ್ಯಾರಿಸ್, ಇದು ಉಗಾರ’ ಎನ್ನಬಹುದು. ನ್ಯಾಯವಾದ ಮಾತೇ. ಆದರೆ ಗುಜರಾತಿನ ವಾಪಿಯ ಪಕ್ಕದಲ್ಲಿ ಚಲಾ ಎಂಬ ಊರಿದೆ. ಸುತ್ತ ಕಾರ್ಖಾನೆಗಳು. ಧ್ರುವ ಜಾನಿ ಮತ್ತು ಸುಶಾಂತ ಚಕ್ರವರ್ತಿಯವರ ‘ಸ್ಟುಡಿಯೋ ಓಲಿಯೋಮಿಂಗಸ್’ ಎಂಬ ಪುಟ್ಟ ಸಂಸ್ಥೆ ಆಟಗಳನ್ನು ರೂಪಿಸುವುದು ಅಲ್ಲಿಂದಲೇ. ಮೀರ್ ಉಮರ್‌ಹಸನ್ ಎಂಬ ಇಲ್ಲದ ಗುಜರಾತಿ ಕವಿಯೊಬ್ಬನನ್ನು ಅವರು ಕಲ್ಪಿಸಿಕೊಂಡಿದ್ದಾರೆ. ಅವನು ಬರೆದನೆಂಬ ಕಥೆಗಳ ಮೇಲೆ ಆಟ ಕಟ್ಟುತ್ತಾರೆ. ಅವರ ‘ಎ ಮ್ಯೂಸಿಯಂ ಆಫ್ ಡ್ಯೂಬಿಯಸ್ ಸ್ಪ್ಲೆಂಡರ್ಸ್’ ಎಂಬುದರಲ್ಲಿ ಆಡುವವರು ಒಂದು ವಿಚಿತ್ರ ವಸ್ತುಸಂಗ್ರಹಾಲಯದ ಕೋಣೆಯಿಂದ ಕೋಣೆಗೆ ನಡೆಯುತ್ತಾರೆ. ದಿನಬಳಕೆಯ ಸಾಮಾನುಗಳು ಆಳೆತ್ತರ ಬೆಳೆದು ನಿಂತಿರುತ್ತವೆ. ಹೊಡೆದಾಟ ಅದರಲ್ಲಿಲ್ಲ, ಓದು ಮತ್ತು ನಡಿಗೆ. ಚಿಕ್ಕ ಊರಿನಲ್ಲಿ ಕುಳಿತು ಮಾಡಿದ ಚಿಕ್ಕ ಆಟಗಳು ದೂರ ದೇಶದ ಪ್ರದರ್ಶನಗಳಿಗೆ ಹೋಗಿವೆ.

ಇದಕ್ಕೆ ಎದುರು ದಾರಿಯನ್ನೂ ಹೇಳಬೇಕು, ಇಲ್ಲವಾದರೆ ಅರ್ಧ ಸತ್ಯವಾದೀತು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆಯ ‘ರಾಜಿ’ 2020ರಲ್ಲಿ ಬಂತು. ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುವ ಸರ್ಕಸ್ ಹುಡುಗಿಯ ಕಥೆ; ನಡುನಡುವೆ ತೊಗಲುಗೊಂಬೆಯಾಟದ ರೀತಿಯ ದೃಶ್ಯಗಳು. ನೋಡಲು ಬಹಳ ಚೆಂದ. ಆದರೆ 2017ರಲ್ಲಿ ಜನರಿಂದ ಹಣ ಕೂಡಿಸುವ ಅವರ ಪ್ರಯತ್ನ ಗುರಿ ಮುಟ್ಟಲಿಲ್ಲ. ಕೆಲಸ ನಿಲ್ಲಬಾರದೆಂದು ಸ್ಥಾಪಕರಲ್ಲೊಬ್ಬರು ಸ್ವಂತ ಮನೆಯನ್ನೇ ಮಾರಬೇಕಾಯಿತು. ಆಮೇಲೆ ಹೊರಗಿನ ನೆರವು ಸಿಕ್ಕಿ ಆಟ ಪೂರ್ಣಗೊಂಡಿತೆಂಬುದು ನಿಜ. ಆದರೆ ಮೊದಲ ಸಲಕ್ಕೇ ‘ರಾಜಿ’ಯಷ್ಟು ದೊಡ್ಡದಕ್ಕೆ ಕೈಹಾಕುವ ಕಾಲೇಜು ವಿದ್ಯಾರ್ಥಿಗೆ ಈ ಸಂಗತಿ ತಿಳಿದಿರಲಿ, ಅವನ ತಂದೆಗೆ ಇನ್ನೂ ಚೆನ್ನಾಗಿ ತಿಳಿದಿರಲಿ.

ಆದ್ದರಿಂದಲೇ ಚಿಕ್ಕದು, ಹತ್ತು ನಿಮಿಷದ್ದು. ಅರ್ಧಕ್ಕೆ ಬಿಟ್ಟ ದೊಡ್ಡ ಆಟವನ್ನು ಯಾರಿಗೂ ತೋರಿಸಲಾಗದು. ಮುಗಿದ ಚಿಕ್ಕ ಆಟವನ್ನು ಎಲ್ಲರಿಗೂ ತೋರಿಸಬಹುದು. ಜಪಾನಿನ ದೈಸುಕೆ ಅಮಾಯಾ ಕಾಲೇಜಿನಲ್ಲಿದ್ದಾಗ ಶುರುಮಾಡಿ, ನೌಕರಿ ಸೇರಿದ ಮೇಲೂ ಬಿಡುವಿನ ವೇಳೆಯಲ್ಲಿ ಒಬ್ಬರೇ ದುಡಿದು ಐದು ವರ್ಷದಲ್ಲಿ ‘ಕೇವ್ ಸ್ಟೋರಿ’ ಮುಗಿಸಿದರು. 2004ರಲ್ಲಿ ಅದನ್ನು ಉಚಿತವಾಗಿ ಹಂಚಿದರು. ನೌಕರಿ ಬಿಟ್ಟು ಕೂಡಲಿಲ್ಲ ಎಂಬುದನ್ನು ಗಮನಿಸಬೇಕು. ಶಾಹಿಯವರೂ ‘ಅನದರ್ ವರ್ಲ್ಡ್’ಗಿಂತ ಮೊದಲು ಹಲವು ವರ್ಷ ಸಣ್ಣಪುಟ್ಟ ಆಟಗಳನ್ನು ಮಾಡಿ ಕೈ ಪಳಗಿಸಿಕೊಂಡಿದ್ದವರು.

ಇನ್ನು ಉಗಾರ ಖುರ್ದದ ಹುಡುಗಿಯೊಬ್ಬಳು ಏನು ಮಾಡಬಹುದು? ಅವಳಿಗೆ ಬೇಕಾದ ಇನ್ನೊಂದು ಲೋಕ ಊರಲ್ಲೇ ಇದೆ. 1939ರಿಂದ ನಿಂತಿರುವ ಸಕ್ಕರೆ ಕಾರ್ಖಾನೆ, ಅದರ ಚಿಮಣಿ, ಸುಗ್ಗಿಯಲ್ಲಿ ಊರೆಲ್ಲ ಹರಡುವ ಮಳಿಯ ವಾಸನೆ, ಕಬ್ಬು ಹೇರಿ ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳು. ಪಕ್ಕದಲ್ಲಿ ಕೃಷ್ಣೆ, ಆಚೆ ದಡದಲ್ಲಿ ಕುಡಚಿ. 2019ರಂಥ ಮಹಾಪೂರದ ವರ್ಷಗಳಲ್ಲಿ ನಡುವಿನ ಸೇತುವೆಯೇ ನೀರಿನಡಿ ಹೋಗುತ್ತದೆ. ಮುಳುಗಿದ ಸೇತುವೆಗಿಂತ ವಿಚಿತ್ರವಾದ ಚಿತ್ರ ಯಾವ ಕಲಾವಿದನಿಗೆ ಬೇಕು?

ಒಂದು ಉದಾಹರಣೆ ನೋಡಬಹುದು. ಅಜ್ಜಿಯ ಕನ್ನಡಕ ಆಚೆ ದಡದಲ್ಲಿ ಉಳಿದಿದೆ. ಮೊಮ್ಮಗಳು ತರಲು ಹೋಗುತ್ತಾಳೆ. ನೀರು ಗಾಜಿನಂತೆ ಗಟ್ಟಿಯಾಗಿದೆ, ಮೇಲೆ ನಡೆಯಬಹುದು. (ಆಟದಲ್ಲಿ ಮಾತ್ರ, ನಿಜದ ಮಹಾಪೂರದಲ್ಲಿ ಸೇತುವೆಯ ಹತ್ತಿರವೂ ಸುಳಿಯಕೂಡದು.) ಬಗ್ಗಿ ನೋಡಿದರೆ ಕೆಳಗೆ ತಲೆಕೆಳಗಾದ ಇನ್ನೊಂದು ಉಗಾರ. ಅಲ್ಲಿಯ ಚಿಮಣಿಯಿಂದ ಹೊಗೆಯ ಬದಲು ಕಬ್ಬಿನ ಹಾಲು ಸುರಿಯುತ್ತಿದೆ. ಎದುರಿನಿಂದ ಚಾಲಕರಿಲ್ಲದ ಟ್ರ್ಯಾಕ್ಟರುಗಳು ಬರುತ್ತವೆ, ತಪ್ಪಿಸಿಕೊಳ್ಳಬೇಕು. ಕಾರ್ಖಾನೆಯ ಭೋಂಗಾ ಕೂಗಿದಾಗ ಸರಿಯಾದ ಕ್ಷಣಕ್ಕೆ ಒಂದು ಕೀಲಿ ಒತ್ತಿದರೆ ಮೇಲಿನ ಊರು ಕೆಳಗೆ, ಕೆಳಗಿನದು ಮೇಲೆ. ಮೇಲಿನ ಊರಲ್ಲಿ ಮುಚ್ಚಿದ ಬಾಗಿಲು ಕೆಳಗಿನದರಲ್ಲಿ ತೆರೆದಿರುತ್ತದೆ. ಕೊನೆಗೆ ಕನ್ನಡಕ ಸಿಗುತ್ತದೆ, ಆದರೆ ಅದನ್ನು ಹಾಕಿಕೊಂಡು ಕುಳಿತವಳು ಕೆಳಗಿನ ಉಗಾರದ ಇನ್ನೊಬ್ಬ ಅಜ್ಜಿ. ಕಸಿದು ತರಬೇಕೇ? ಕೇಳಬೇಕೇ? ಬರಿಗೈಯಲ್ಲಿ ಮರಳಬೇಕೇ? ಇಲ್ಲಿ ಆಡುವವರ ಕೈ ಒಂದು ಕ್ಷಣ ಕೀಲಿಯ ಮೇಲೆ ತಡೆಯುತ್ತದೆ. ಆ ತಡೆಯುವಿಕೆಯೇ ಕಥೆ; ಇದಕ್ಕೆ ಬೇರೆ ಮಾತು ಬೇಕಾಗಿಲ್ಲ.

ಇದನ್ನು ಕಟ್ಟಲು ಬೇಕಾದದ್ದು ಎಷ್ಟು? ಮೂರು ದೃಶ್ಯ, ಹತ್ತು ಹನ್ನೆರಡು ಚಿತ್ರ, ಒಂದು ಭೋಂಗಾದ ಧ್ವನಿ. ಮೇಲೆ-ಕೆಳಗೆ ಎಂಬುದು ಪ್ರೋಗ್ರಾಮಿನಲ್ಲಿ ಎರಡೇ ಬೆಲೆಗಳಿರುವ ಒಂದು ಚರಾಕ್ಷರ: ಧನ ಒಂದು, ಋಣ ಒಂದು. ಗುರುತ್ವವನ್ನು ಅದರಿಂದ ಗುಣಿಸಿದರೆ ಊರು ತಲೆಕೆಳಗಾಯಿತು. ಹುಡುಗಿ ಜಿಗಿಯುವುದೂ ಪಿ.ಯು. ಮೊದಲ ವರ್ಷದ ಭೌತಶಾಸ್ತ್ರವೇ. ಆರಂಭದ ವೇಗಕ್ಕೆ, ವೇಗೋತ್ಕರ್ಷವನ್ನು ಕಾಲದಿಂದ ಗುಣಿಸಿ ಕೂಡಿಸಿದರೆ ಈಗಿನ ವೇಗ ಬರುತ್ತದೆಂದು ಕಂಠಪಾಠ ಮಾಡುತ್ತಾರಲ್ಲ, ಗಣಕಯಂತ್ರ ಅದೇ ಲೆಕ್ಕವನ್ನು ಸೆಕೆಂಡಿಗೆ 60 ಸಲ ಮಾಡುತ್ತದೆ. ಲೆಕ್ಕ ತಪ್ಪಿದರೆ ಹುಡುಗಿ ನೆಲದೊಳಗೆ ಇಳಿದು ಹೋಗುತ್ತಾಳೆ ಅಥವಾ ಆಕಾಶಕ್ಕೆ ಹಾರಿಬಿಡುತ್ತಾಳೆ. ಉತ್ತರ ಪತ್ರಿಕೆಯಲ್ಲಿ ಕೆಂಪು ಗೆರೆ ಎಳೆದು ತೋರಿಸುವುದಕ್ಕಿಂತ ಇದು ಚೆನ್ನಾಗಿ ಮನಸ್ಸಿಗೆ ನಾಟುತ್ತದೆ.

ಉಪಕರಣಗಳಿಗೆ ದುಡ್ಡು ಬೇಕಿಲ್ಲ. ‘ಗೊಡೊ’ ಎಂಬ ಆಟ ಕಟ್ಟುವ ತಂತ್ರಾಂಶ ಅರ್ಜೆಂಟೀನಾದ ಇಬ್ಬರು ಆರಂಭಿಸಿದ್ದು. 2014ರಿಂದ ಎಲ್ಲರಿಗೂ ಮುಕ್ತ, ಉಚಿತ. ಸಾಧಾರಣ ಗಣಕಯಂತ್ರದಲ್ಲಿಯೂ ಚಿಕ್ಕ ಆಟಗಳಿಗೆ ಸಾಕಾಗುತ್ತದೆ. ಬರಿಯ ಕಥೆಯ ಕವಲುಗಳನ್ನು ಕಟ್ಟಿ ನೋಡಲು ‘ಟ್ವೈನ್’ ಇದೆ, ಅದೂ ಉಚಿತ.

ಕನ್ನಡದ ಹುಡುಗರಿಗೆ ಇಲ್ಲೊಂದು ವಿಶೇಷ ಸಂಗತಿ. ಗೊಡೊದ ಹಿಂದಿನ ಆವೃತ್ತಿಗಳಲ್ಲಿ ‘ಸಕ್ಕರೆ’ ಎಂದು ಬರೆದರೆ ಒತ್ತಕ್ಷರ ಕೆಳಗೆ ಕೂಡುತ್ತಿರಲಿಲ್ಲ. ಅಕ್ಷರಗಳು ಬಿಡಿಬಿಡಿಯಾಗಿ, ತುಂಡಾದ ಕಬ್ಬಿನ ಹಾಗೆ ಬೀಳುತ್ತಿದ್ದವು. ಉಗಾರ ಖುರ್ದದ ‘ರ್ದ’ಕ್ಕೂ ಅದೇ ಗತಿ. ಕನ್ನಡವೂ ಸೇರಿದಂತೆ ಅಕ್ಷರಗಳು ಒಂದರೊಡನೊಂದು ಬೆಸೆಯುವ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ 2023ರ ಮಾರ್ಚಿನಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಸೇರಿತು. ಅಂದರೆ ಕನ್ನಡದಲ್ಲಿ ಮಾತಾಡುವ ಆಟಕ್ಕೆ ಈ ದೊಡ್ಡ ಅಡ್ಡಿ ಈಗಿಲ್ಲ. ನೆರೆಯ ತಮಿಳಿಗೆ ಆಗಿರುವ ಉಪಕಾರವನ್ನು ನೋಡಬೇಕು: ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯೊಬ್ಬಳ ಅಡುಗೆಮನೆಯ ಕಥೆ ಹೇಳುವ ‘ವೆಣ್ಬಾ’ ಎರಡು ತಾಸನ್ನೂ ಮೀರದ ಆಟ. 2023ರಲ್ಲಿ ಬಂದ ಅದು ಮರುವರ್ಷ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯಿಂದ ಚೊಚ್ಚಲ ಆಟಕ್ಕೆ ಕೊಡುವ ಪ್ರಶಸ್ತಿ ಪಡೆಯಿತು. ಕನ್ನಡದ ಅಡುಗೆಮನೆಗಳಲ್ಲಿ ಕಥೆಗಳಿಲ್ಲವೇನು?

ಪಾಲಕರ ಇನ್ನೊಂದು ಭಯ ಬೇರೆಯದೇ, ಅದಕ್ಕೆ ಕಾರಣವೂ ಉಂಟು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳಿಂದ ಮನೆಗಳು ಸಾಲಕ್ಕೆ ಬಿದ್ದದ್ದನ್ನು ಎಲ್ಲರೂ ಕೇಳಿದ್ದಾರೆ. ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇಲ್ಲಿ ಸ್ಪಷ್ಟವಾದ ಗೆರೆ ಎಳೆದಿದೆ. ಹಣ ಒಡ್ಡುವ ಆಟಗಳು ಒಂದು ಕಡೆ, ಅವಕ್ಕೆ ನಿಷೇಧ. ಕ್ರೀಡೆಯಂತೆ ಆಡುವ, ಮನರಂಜನೆಯ, ಕಲಿಕೆಯ ಆಟಗಳು ಇನ್ನೊಂದು ಕಡೆ, ಅವಕ್ಕೆ ಉತ್ತೇಜನ. ಮಗಳು ಕಟ್ಟುತ್ತಿರುವುದು ಎರಡನೆಯ ಕಡೆಯದು. ಎರಡನ್ನೂ ಒಂದೇ ಬೈಗುಳದಲ್ಲಿ ಸೇರಿಸಿದರೆ ಮಗಳು ಕಟ್ಟುವುದನ್ನು ಬಿಟ್ಟು ಆಡುವುದನ್ನು ಮಾತ್ರ ಮುಂದುವರಿಸುತ್ತಾಳೆ. ಅದು ಕದ್ದು ಮಾಡಲು ಸುಲಭ.

ಹಾಗಾದರೆ ಇದರಿಂದ ಹೊಟ್ಟೆ ತುಂಬುತ್ತದೆಯೇ? ಚಿಕ್ಕ ಆಟ ಮಾರಿ ಬದುಕುವವರು ಇದ್ದಾರೆ, ಆದರೆ ಅದನ್ನೇ ನಂಬಿ ಕೂಡುವುದು ಜಾಣತನವಲ್ಲ. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಧ್ರುವ ಇಂಟರ್‌ಆಕ್ಟಿವ್ ಆರಂಭಿಸಿದಾಗ ಈ ದೇಶದಲ್ಲಿ ಅಂಥ ಸಂಸ್ಥೆಗಳೇ ಇರಲಿಲ್ಲವೆನ್ನಬಹುದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ದೊಡ್ಡ ಸಂಸ್ಥೆ ಕೊಂಡಿತು. ಅನಿಮೇಶನ್, ಗೇಮಿಂಗ್ ಉದ್ಯಮಕ್ಕೆಂದೇ ಕರ್ನಾಟಕ ಸರಕಾರ 2012ರಲ್ಲಿ, ದೇಶದಲ್ಲೇ ಮೊದಲಿಗೆ, ನೀತಿಯೊಂದನ್ನು ತಂದಿತು. ಬೆಂಗಳೂರಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪದವಿಯ ನಂತರ ಡಿಜಿಟಲ್ ಆಟಗಳ ವಿನ್ಯಾಸವನ್ನೇ ಕಲಿಸುವ ಸ್ನಾತಕೋತ್ತರ ಶಿಕ್ಷಣವಿದೆ. ಇಂಥ ಕಡೆ, ಉದ್ಯೋಗ ಕೊಡುವಲ್ಲಿಯೂ ಕೂಡ, ‘ಏನು ಮಾಡಿದ್ದೀಯ, ತೋರಿಸು’ ಎಂಬ ಪ್ರಶ್ನೆ ತಪ್ಪುವುದಿಲ್ಲ. ಹತ್ತು ನಿಮಿಷದ ಉಗಾರದ ಆಟ ಆಗ ಕೈಯಲ್ಲಿರುತ್ತದೆ. ಡಿಗ್ರಿಯನ್ನು ಅದು ತಪ್ಪಿಸುವುದಿಲ್ಲ. ಡಿಗ್ರಿಯ ಪಕ್ಕದಲ್ಲಿ ಕೂಡುತ್ತದೆ.

ವೇಳೆಯ ಲೆಕ್ಕವನ್ನು ಮನೆಯಲ್ಲಿ ಎಲ್ಲರೂ ಕೂತು ಮೊದಲೇ ಮಾಡುವುದು ಒಳ್ಳೆಯದು. ದ್ವಿತೀಯ ಪಿ.ಯು. ವರ್ಷ ಇದಕ್ಕೆ ತಕ್ಕುದಲ್ಲ. ಮೊದಲ ವರ್ಷದ ಪರೀಕ್ಷೆ ಮುಗಿದ ಬೇಸಿಗೆ ರಜೆ ತಕ್ಕುದು. ಎಂಟು ವಾರವಿದ್ದರೆ ಮೊದಲ ಎರಡು ವಾರ ಬರಿಯ ಚೌಕಗಳನ್ನು ಓಡಿಸಿ ಜಿಗಿಸುವುದರಲ್ಲೇ ಹೋಗಲಿ, ಚಿತ್ರ ಆಮೇಲೆ. ಜೊತೆಗೆ ಚಿತ್ರ ಬರೆಯುವ ಒಬ್ಬ ಗೆಳತಿ ಸಿಕ್ಕರೆ ಅರ್ಧ ಭಾರ ಇಳಿಯಿತು. ಕೊನೆಯ ಎರಡು ವಾರ ಬೇರೆಯವರ ಕೈಗೆ ಕೊಡಬೇಕು: ಪಕ್ಕದ ಓಣಿಯ ಹುಡುಗ, ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಕಾಕಾ, ಸಾಧ್ಯವಾದರೆ ಅಜ್ಜಿ ಕೂಡ. ಅವರು ಆಡುವಾಗ ಮಾಡಿದವಳು ಹಿಂದೆ ಕೂತು ಬಾಯಿ ಮುಚ್ಚಿ ನೋಡಬೇಕು, ‘ಅಲ್ಲಿ ಒತ್ತು, ಇಲ್ಲಿ ಜಿಗಿ’ ಎನ್ನಬಾರದು. ಎಲ್ಲಿ ಅವರು ಸಿಕ್ಕಿಬಿದ್ದರು, ಎಲ್ಲಿ ನಕ್ಕರು ಎಂದು ವಹಿಯಲ್ಲಿ ಬರೆದುಕೊಂಡು ರಾತ್ರಿ ತಿದ್ದಬೇಕು. ಜೂನ್ ತಿಂಗಳಲ್ಲಿ ಕಾಲೇಜು ಶುರುವಾಗುವ ಹೊತ್ತಿಗೆ, ಕೃಷ್ಣೆಗೆ ಹೊಸ ನೀರು ಬರುವ ಮುಂಚೆ, ತಲೆಕೆಳಗಾದ ಉಗಾರ ಆಡಲು ಸಿದ್ಧವಿರುತ್ತದೆ.